ಹಳೆ ಪೇಂಟ್ ಬಕೆಟ್ ಉಂಟಾ? ಗೊಬ್ಬರಕ್ಕೆ ಅಷ್ಟೇ ಸಾಕು

ಮನೆಯಲ್ಲೇ ಗೊಬ್ಬರ ಮಾಡಿ ಅಂದರೆ ನಮ್ಮವರ ಮೊದಲ ಪ್ರಶ್ನೆ, ‘ವಾಸನೆ ಬರ್ತದಲ್ವಾ ಉಸ್ತಾದ್?’ ಎರಡನೆಯದು, ‘ಆ ಡಬ್ಬಿಗೆಲ್ಲ ಸಾವಿರಾರು ರೂಪಾಯಿ ಅಲ್ವಾ?’

ದುಡ್ಡಿನ ಮಾತು ಬೇಗ ಮುಗಿಸುವ. ಮನೆಗೆ ಬಣ್ಣ ಬಳಿದ ಮೇಲೆ ಉಳಿಯುವ 20 ಲೀಟರಿನ ಬಕೆಟ್ ಸಾಕು. ಚೆನ್ನಾಗಿ ತೊಳೆದು, ಮೊಳೆ ಕಾಯಿಸಿ ತಳಕ್ಕೆ ಹತ್ತು ಹದಿನೈದು ತೂತು, ಸುತ್ತಲೂ ಎರಡು ಮೂರು ಸಾಲು ತೂತು ಮಾಡಿ. ಎರಡು ಇಟ್ಟಿಗೆಯ ಮೇಲೆ, ಮಳೆ ಬೀಳದ ಜಾಗದಲ್ಲಿ ಇಡಿ. ಇಂಥ ಎರಡು ಬಕೆಟ್ ಇದ್ದರೆ ಒಳ್ಳೆಯದು. ಒಂದು ತುಂಬಿ ಹಣ್ಣಾಗುವಾಗ ಇನ್ನೊಂದಕ್ಕೆ ಹಾಕಬಹುದು.

ಇನ್ನು ವಾಸನೆ. ಹಸಿ ಕಸ ಮಾತ್ರ ತುಂಬಿದರೆ ನಾರದೆ ಇನ್ನೇನು? ಒಳಗೆ ಗಾಳಿ ಇಲ್ಲ, ನೀರು ಮಾತ್ರ. ಒಂದು ಪಾಲು ತರಕಾರಿ ಸಿಪ್ಪೆಗೆ ಎರಡು ಪಾಲು ಒಣ ಎಲೆ ಬೇಕು. ತೆಂಗಿನ ನಾರಿನ ಪುಡಿಯೂ ಆಗ್ತದೆ. ಶುರುವಿಗೆ ಒಂದು ಹಿಡಿ ತೋಟದ ಮಣ್ಣು, ಸ್ವಲ್ಪ ಹುಳಿ ಮಜ್ಜಿಗೆ. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಮಗುಚಿ. ಹಿಂಡಿದ ಬಟ್ಟೆಯಷ್ಟು ತೇವ ಇರಬೇಕು. ನಾರಿದರೆ ಇನ್ನಷ್ಟು ಎಲೆ ಹಾಕಿ, ಒಣಗಿದರೆ ನೀರು ಚಿಮುಕಿಸಿ. ಬಿಳಿ ಹುಳ ಕಂಡರೆ ಹೆದರಬೇಡಿ, ಅವೂ ಕೆಲಸದವರೇ. ಎರಡು ಮೂರು ತಿಂಗಳಲ್ಲಿ ಕಪ್ಪು ಪುಡಿಯಾಗಿ, ಹೊಸ ಮಳೆಯ ಮಣ್ಣಿನ ಪರಿಮಳ ಬರ್ತದೆ.

ರಂಝಾನಿನಲ್ಲಿ ಮಾತ್ರ ಜಾಗ್ರತೆ. ಇಫ್ತಾರಿನ ಕಲ್ಲಂಗಡಿ ಸಿಪ್ಪೆಯಲ್ಲಿ ಹೆಚ್ಚಿನಂಶ ನೀರೇ. ಅದನ್ನು ಸಣ್ಣಗೆ ಕತ್ತರಿಸಿ, ಎಲೆಯನ್ನು ದುಪ್ಪಟ್ಟು ಮಾಡಿ.

ಮೀನಿನ ಕಸ, ಎಲುಬು ಈ ಬಕೆಟಿಗೆ ಬೇಡ. ಬೆಕ್ಕು ನಾಯಿ ಎಲ್ಲ ಬಂದು ಸೇರ್ತವೆ, ಮತ್ತೆ ಮನೆಯವರು ಬಕೆಟನ್ನೇ ಬಿಸಾಡ್ತಾರೆ. ಜಾಗ ಇದ್ದವರು ತೆಂಗಿನ ಬುಡದಿಂದ ಸ್ವಲ್ಪ ದೂರ ಒಂದೂವರೆ ಅಡಿ ಗುಂಡಿ ತೋಡಿ ಮುಚ್ಚಲಿ. ಫ್ಲ್ಯಾಟಿನವರು ಹಸಿ ಕಸದ ಗಾಡಿಗೇ ಕೊಡಲಿ. ರಾತ್ರಿ ಬೈಕಿನಲ್ಲಿ ತಂದು ಸೇತುವೆ ಬದಿಗೆ ಎಸೆಯುವುದಂತೂ ಬೇಡವೇ ಬೇಡ.

ಗಾಡಿಗೆ ಕೊಟ್ಟರೆ ಕಸ ಮುಗಿಯಿತು ಅಂತಲೂ ಅಲ್ಲ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರದ ಮನೆ, ತೋಟಗಳ ಮೇಲೆ ಬಂತು. ಜನ ಮನೆ ಬಿಡಬೇಕಾಯಿತು. ನಗರದ ಅಡುಗೆ ಮನೆಗಳಿಂದ ಹೋದ ಸಿಪ್ಪೆ, ಅನ್ನ, ಸಾರು ಆ ರಾಶಿಯಲ್ಲಿತ್ತು. ಅದರಲ್ಲಿ ನಮ್ಮ ಮನೆಗಳ ಪಾಲು ಇರಲಿಲ್ಲ ಅಂತ ಹೇಳಲಿಕ್ಕಾಗ್ತದಾ?

ಇನ್ನೊಂದು ಮಾತು, ಗಂಡಸರಿಗೆ. ‘ಉಮ್ಮ ನೋಡಿಕೊಳ್ತಾರೆ’ ಅಂತ ಬಕೆಟ್ ತಂದು ಹಿತ್ತಲಲ್ಲಿಟ್ಟು ಹೋದರೆ ಆಗುವುದಿಲ್ಲ. ಅಡುಗೆ, ಪಾತ್ರೆ, ಮಕ್ಕಳ ಮೇಲೆ ಇದೂ ಒಂದಾ? ತೂತು ಕೊರೆದು, ಎಲೆ ತಂದು, ಮಗುಚುವ ಕೆಲಸ ನಮ್ಮದಾಗಲಿ. ಐದು ನಿಮಿಷ ಸಾಕು.

ನಮ್ಮಲ್ಲಿ ಕಡಿಮೆ ಬೀಳುವುದು ಬಕೆಟಲ್ಲ, ಒಣ ಎಲೆ. ಅದೂ ಮಳೆಗಾಲದಲ್ಲಿ ಸಿಗುವುದೇ ಇಲ್ಲ. ಆದರೆ ಬೇಸಗೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಮಾವಿನ, ಹಲಸಿನ ಎಲೆ ಗುಡಿಸಿ ಬೆಂಕಿ ಹಾಕುವುದು ನಾವೇ. ಪಕ್ಕದ ಮನೆಯ ಅಸ್ತಮಾದವರು ಕಿಟಕಿ ಮುಚ್ಚಿ ಕೂರ್ತಾರೆ. ಮೇ ತಿಂಗಳೊಳಗೆ ನಾಲ್ಕು ಗೋಣಿ ಎಲೆ ತುಂಬಿ ಕಟ್ಟಿಡಿ. ಹಲಸಿನ ಎಲೆ ಕರಗುವುದು ನಿಧಾನ, ಪುಡಿ ಮಾಡಿ ತುಂಬಿ. ಮಸೀದಿ, ಮದ್ರಸ ಅಂಗಳದ ಎಲೆಯನ್ನೂ ಸುಡುವುದು ಬೇಡ. ಗೋಣಿಯಲ್ಲಿ ಕಟ್ಟಿ ಗೇಟಿನ ಹತ್ತಿರ ಇಟ್ಟರೆ, ಮರ ಇಲ್ಲದ ಫ್ಲ್ಯಾಟಿನವರು ಜುಮಾ ಮುಗಿಸಿ ಹೋಗುವಾಗ ಒಯ್ಯಬಹುದು.