ಪಹಣಿ ಗಣಕೀಕರಣ: ಯಾವ ಅಗತ್ಯಕ್ಕೆ ಯಾವ ವ್ಯವಸ್ಥೆ?

ಗಣಕ ವ್ಯವಸ್ಥೆಯೊಂದನ್ನು ರೂಪಿಸುವಾಗ ಅದು ನೆರವೇರಿಸಬೇಕಾದ ಕಾರ್ಯಗಳನ್ನು ಮೊದಲು ನಿಗದಿಪಡಿಸಿ, ಪ್ರತಿಯೊಂದಕ್ಕೂ ತಕ್ಕ ವಿನ್ಯಾಸವನ್ನು ಹೊಂದಿಸಬೇಕಾಗುತ್ತದೆ. ಕರ್ನಾಟಕದ "ಭೂಮಿ" ಯೋಜನೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಸದರಿ ಯೋಜನೆಯಡಿ 2002ರ ವೇಳೆಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು.

ಅದಕ್ಕೂ ಮುನ್ನ ಪಹಣಿ ಪುಸ್ತಕಗಳು ಗ್ರಾಮ ಲೆಕ್ಕಿಗರ ವಶದಲ್ಲಿರುತ್ತಿದ್ದವು. ಬೆಳೆಸಾಲಕ್ಕೆ ಪ್ರತಿ ಬೇಕಾದ ರೈತರು ಅವರು ಸಿಗುವವರೆಗೆ ಕಾಯಬೇಕಾಗಿತ್ತು. ದಾಖಲೆ ತಿದ್ದಿದವರು ಯಾರೆಂದು ಪತ್ತೆ ಹಚ್ಚುವುದೂ ಕಷ್ಟವಾಗಿತ್ತು. ಆದುದರಿಂದ ವೇಗಕ್ಕಿಂತಲೂ ಹೊಣೆಗಾರಿಕೆಯೇ ಇಲ್ಲಿ ಮುಖ್ಯ ಅಗತ್ಯವಾಗಿತ್ತು. ಅದಕ್ಕೆ ತಕ್ಕಂತೆ ಸಿಬ್ಬಂದಿಯು ಬೆರಳಚ್ಚು ನೀಡಿಯೇ ತಂತ್ರಾಂಶವನ್ನು ಪ್ರವೇಶಿಸುವಂತೆ ಮಾಡಲಾಯಿತು. ಹಕ್ಕು ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳುವ ನಿಯಮವನ್ನು ತಂತ್ರಾಂಶದಲ್ಲಿ ಅಳವಡಿಸಲಾಯಿತು. ಅರ್ಜಿದಾರರತ್ತ ಮುಖ ಮಾಡಿದ ಎರಡನೆಯ ಪರದೆಯನ್ನೂ ತಾಲ್ಲೂಕು ಕಿಯೋಸ್ಕ್‌ಗಳಲ್ಲಿ ಇರಿಸಲಾಯಿತು. ಅಲ್ಪ ವೆಚ್ಚದ ಈ ಎರಡನೆಯ ಪರದೆಯು, ಒಳಗೆ ಏನು ನಡೆಯುತ್ತಿದೆಯೆಂಬ ಸಂಶಯವನ್ನು ನಿವಾರಿಸುವಲ್ಲಿ ಬಹಳ ಉಪಯುಕ್ತವಾಯಿತೆನ್ನಬಹುದು. ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಪಡಿಸದೇ ಇದ್ದಿದ್ದರೆ ಇವೆಲ್ಲವೂ ನಿಷ್ಫಲವಾಗುತ್ತಿದ್ದವು. ಆರಂಭದಲ್ಲಿ ಗಣಕೀಕೃತ ಪಹಣಿಯ ಶುಲ್ಕ 15 ರೂಪಾಯಿ ಇತ್ತು.

ಆದರೆ ಸರದಿ ನಿಯಮವು ಪಕ್ಷಪಾತವನ್ನು ತಡೆಯಬಲ್ಲದೇ ಹೊರತು ವ್ಯಾಜ್ಯವನ್ನು ತೀರ್ಮಾನಿಸಲಾರದು. ಆದುದರಿಂದ ಆಕ್ಷೇಪಣೆ ಬಂದ ಪ್ರಕರಣಗಳನ್ನು ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕಾರ ತಕರಾರು ಪ್ರಕರಣಗಳೆಂದು ದಾಖಲಿಸಿ ಪ್ರತ್ಯೇಕವಾಗಿ ವಿಚಾರಣೆ ನಡೆಸಲಾಗುತ್ತದೆ.

ಹಳೆಯ ಪುಸ್ತಕದಲ್ಲಿದ್ದ ತಪ್ಪುಗಳ ವಿಷಯವೂ ಹಾಗೆಯೇ. ವಿಸ್ತೀರ್ಣದ ವ್ಯತ್ಯಾಸ, ಜಂಟಿ ಖಾತೆಯ ಗೊಂದಲ, ಮೃತ ಖಾತೆದಾರರ ಹೆಸರು ಇವುಗಳು ಗಣಕಕ್ಕೂ ಬಂದಿರುತ್ತವೆ. ಪಹಣಿಯು ಗಣಕದಿಂದ ಮುದ್ರಿತವಾಗಿದೆ ಎಂಬ ಕಾರಣಕ್ಕೆ ಅದರಲ್ಲಿರುವುದೆಲ್ಲ ಪರಿಶೀಲಿತವೆಂದು ಹಲವರು ಭಾವಿಸುವುದುಂಟು, ಇದು ಸರಿಯಲ್ಲ. 2024ರಲ್ಲಿ ಕೈಗೊಂಡ ಪಹಣಿ–ಆಧಾರ್ ಜೋಡಣೆಯು ಬೇರೊಬ್ಬರು ಮಾಲೀಕರ ಸೋಗಿನಲ್ಲಿ ಜಮೀನು ಮಾರುವುದನ್ನು ತಡೆಯಲು ಸೂಕ್ತ ಕ್ರಮವಾಗಿದೆ. ಆದರೆ ತಾತನ ಹೆಸರಿನಲ್ಲಿಯೇ ಉಳಿದಿರುವ ಪಹಣಿಗೆ ಮೊಮ್ಮಗನ ಆಧಾರ್ ಜೋಡಿಸಿದಲ್ಲಿ ಖಾತೆ ಬದಲಾಗುವುದಿಲ್ಲ. ಅದಕ್ಕೆ ಪೌತಿ ಖಾತೆಯ ಆದೇಶವೇ ಬೇಕು. ವಾರಸುದಾರರಲ್ಲಿ ಒಮ್ಮತವಿಲ್ಲದಿದ್ದಲ್ಲಿ ವಿಚಾರಣೆಯೂ ಅನಿವಾರ್ಯ.

ಆದುದರಿಂದ ಅರ್ಜಿದಾರರು ತಮಗೆ ಬೇಕಾಗಿರುವುದು ಪಹಣಿಯ ಪ್ರತಿಯೋ, ಹಕ್ಕು ಬದಲಾವಣೆಯೋ, ತಿದ್ದುಪಡಿಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಪೌತಿ ಖಾತೆಗೆ ಮರಣ ಪ್ರಮಾಣ ಪತ್ರ ಹಾಗೂ ವಂಶವೃಕ್ಷವನ್ನು ಲಗತ್ತಿಸತಕ್ಕದ್ದು. ವಿಸ್ತೀರ್ಣದ ತಿದ್ದುಪಡಿಗೆ ಮೂಲ ದಾಖಲೆಗಳ ಪರಿಶೀಲನೆಯ ಜೊತೆಗೆ ಅಳತೆಯೂ ಅಗತ್ಯವಾಗಬಹುದು. ಸಲ್ಲಿಸಿದ ಅರ್ಜಿಗೆ ಸ್ವೀಕೃತಿ ಪಡೆದು, ಅದರಲ್ಲಿನ ಸರ್ವೆ ನಂಬರ್, ಹಿಸ್ಸಾ ಹಾಗೂ ಹೆಸರನ್ನು ಕಛೇರಿಯಿಂದ ಹೊರಡುವ ಮುನ್ನವೇ ಪರಿಶೀಲಿಸಿಕೊಳ್ಳುವುದು.