ಗೋಡೆ ಮೇಲೆ ಸಿನಿಮಾ: ಡಬ್ಬಿ ಓದಿ ಮರುಳಾಗಬೇಡಿ

ಹೋದ ವರ್ಷ ದೀಪಾವಳಿ ಹೊತ್ತಿಗೆ ಇಳಕಲ್‌ನ ನಮ್ಮ ಮನೆಗೆ ಒಂದು ಡಬ್ಬಿ ಬಂತು. "ಯವ್ವಾ, ಇನ್ನ ಥೇಟರಿಗೆ ಹೋಗೂದ ಬ್ಯಾಡ, ಥೇಟರ ಮನಿಗೆ ಬಂದೈತಿ" ಅಂತ ನಮ್ಮ ಮನೆಯವರು ಅತ್ತೆಯ ಮುಂದೆ ಹೆಮ್ಮೆಯಿಂದ ಬಿಚ್ಚಿದರು. ಒಳಗೆ ತಂಬಿಗೆ ಗಾತ್ರದ ಒಂದು ಪ್ರೊಜೆಕ್ಟರ್. ಆನ್‌ಲೈನ್ ಆಫರ್‌ನಲ್ಲಿ ಆರೂವರೆ ಸಾವಿರ. ಆರಿಸಿದ್ದು ಅವರು, ಹಣ ನನ್ನದು. ಆಗೊಮ್ಮೆ ಈಗೊಮ್ಮೆ ಬರೆದು ಬಂದ ಪುಡಿಗಾಸನ್ನು ಚೀಟಿ ಹಾಕಿ ಕೂಡಿಸಿದ್ದೆ. ಮೊಣಕಾಲು ನೋವಿನಿಂದ ಎರಡು ವರ್ಷದಿಂದ ಮನೆ ಬಿಟ್ಟು ಕದಲದ ಅತ್ತೆಗೆ ಏನಾದರೂ ತರಬೇಕು ಅಂತ ಇಟ್ಟ ಹಣ ಅದು.

ಸಂಜೆ ಐದಕ್ಕೆ ಎಲ್ಲರೂ ಹಾಲ್‌ನಲ್ಲಿ ಕೂತೆವು. ಕಿಟಕಿಯ ಬೆಳಕಿಗೆ ಗೋಡೆ ಮೇಲೆ ಏನೋ ಮಸುಕು ಮಸುಕಾಗಿ ಅಲುಗಾಡಿತು. ಅತ್ತೆ ಕಣ್ಣು ಕಿರಿದು ಮಾಡಿ, "ಪಿಚ್ಚರ್ ಎಲ್ಲೈತಿ? ಬರೇ ಗ್ವಾಡಿ ಕಾಣಾಕತ್ತೈತಲ್ಲೋ" ಅಂದರು. ಕತ್ತಲಾದ ಮೇಲೆ ನೆಟ್‌ಫ್ಲಿಕ್ಸ್ ಒತ್ತಿದರೆ ಅದು ತೆರೆಯಲೇ ಇಲ್ಲ. ಮೊಬೈಲ್ ಪರದೆಯನ್ನೇ ಅದಕ್ಕೆ ಜೋಡಿಸಿದರೆ ಮಾತು ಕೇಳುತ್ತದೆ, ಚಿತ್ರ ಮಾತ್ರ ಕರ್ರಗೆ. ಒಳಗಿನ ಫ್ಯಾನು ಮಿಕ್ಸಿ ಹಾಗೆ ಗುಂಯ್ ಅನ್ನುತ್ತಿತ್ತು. ವಾಪಸ್ ಕಳಿಸೋಣ ಅಂದರೆ, ಕೆಟ್ಟಿದ್ದರೆ ಮಾತ್ರ ಬೇರೆ ಕೊಡುತ್ತೇವೆ, ಹಣ ವಾಪಸ್ ಇಲ್ಲ ಅಂತ ಉತ್ತರ ಬಂತು.

ಸಿಟ್ಟು ಇಳಿದ ಮೇಲೆ ನನಗೇ ನಗು ಬಂತು. ನಾವು ಇಳಕಲ್‌ನವರು. ಸೀರೆ ಕೊಳ್ಳುವಾಗ ಸೆರಗು ರೇಷ್ಮೆಯೋ ಚಮಕವೋ ಅಂತ ಮುಟ್ಟಿ ನೋಡುತ್ತೇವೆ. ಸೆರಗನ್ನೂ ಒಡಲನ್ನೂ ಸೇರಿಸಿದ ಕೊಂಡಿಯನ್ನು ಬೆಳಕಿಗೆ ಹಿಡಿದು ನೋಡುತ್ತೇವೆ. ಅಂಗಡಿಯವನು ಹೇಳಿದ್ದನ್ನು ನಂಬಿ ಸೀರೆ ಕಟ್ಟಿಸಿಕೊಂಡು ಬಂದ ಹೆಣ್ಣುಮಗಳು ನಮ್ಮೂರಲ್ಲಿ ಸಿಗಲಿಕ್ಕಿಲ್ಲ. ಆದರೆ ಯಂತ್ರದ ವಿಷಯ ಬಂದಾಗ "ಅದು ಗಂಡಸರ ಕೆಲಸ" ಅಂತ ಅಡುಗೆಮನೆಗೆ ಹೋಗಿಬಿಡುತ್ತೇವೆ. ತಪ್ಪು ಅಲ್ಲಿಯೇ. ಹಗಲೂ ರಾತ್ರಿ ಮನೆಯಲ್ಲಿರುವ ನಮಗೇ ಗೊತ್ತು, ಯಾವ ಕೋಣೆಗೆ ಎಷ್ಟು ಬೆಳಕು ಬರುತ್ತದೆ, ಯಾವಾಗ ಕರೆಂಟು ಹೋಗುತ್ತದೆ, ಯಾರು ಎಲ್ಲಿ ಕೂತು ನೋಡುತ್ತಾರೆ ಅಂತ. ಪ್ರೊಜೆಕ್ಟರ್ ಆರಿಸಲು ಬೇಕಾದ ತಿಳಿವಳಿಕೆಯಲ್ಲಿ ಮುಕ್ಕಾಲು ಪಾಲು ಇಷ್ಟೇ. ಉಳಿದ ಕಾಲು ಪಾಲನ್ನು ನಾನು ಹಣ ಕಳೆದುಕೊಂಡು ಕಲಿತೆ. ನೀವು ಕಳೆದುಕೊಳ್ಳದೆ ಕಲಿಯಿರಿ ಅಂತ ಇಲ್ಲಿ ಹೇಳುತ್ತಿದ್ದೇನೆ.

ಟಿವಿ ಬದಲಿಗೋ, ಜೊತೆಗೋ?

ಮೊದಲು ಇದನ್ನು ಇತ್ಯರ್ಥ ಮಾಡಿಕೊಳ್ಳಿ. ಮಧ್ಯಾಹ್ನ ಕಾಳು ಆರಿಸುತ್ತಾ ಧಾರಾವಾಹಿ ನೋಡುವವರಿಗೆ, ಬೆಳಿಗ್ಗೆ ಸುದ್ದಿ ಬೇಕೆನ್ನುವವರಿಗೆ ಸಣ್ಣ ಪ್ರೊಜೆಕ್ಟರ್ ಆಗುವುದಿಲ್ಲ. ಅದು ಕತ್ತಲೆಯ ವಸ್ತು. ಮನೆಯಲ್ಲಿ ಟಿವಿ ಇಲ್ಲದಿದ್ದರೆ ಮೊದಲು ಟಿವಿಯನ್ನೇ ಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ ನಿಜ. ಆದರೆ 32 ಇಂಚಿಗಿಂತ ದೊಡ್ಡ ಟಿವಿಗಳಿಗೂ ಅದೇ ದಿನದಿಂದ ಅಷ್ಟೇ ಇಳಿದಿದೆ. ಆದ್ದರಿಂದ ಎರಡರ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಟಿವಿ ಆಗಲೇ ಇದ್ದು, ರಾತ್ರಿ ಊಟವಾದ ಮೇಲೆ ವಾರಕ್ಕೆ ಎರಡು ಮೂರು ಸಿನಿಮಾ ನೋಡುವ ಮನೆ ನಿಮ್ಮದಾದರೆ ಮುಂದೆ ಓದಿ.

ರೊಟ್ಟಿಯ ಲೆಕ್ಕ

ಡಬ್ಬಿ ಮೇಲೆ '9000 ಲುಮೆನ್ಸ್' ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಅದನ್ನು ನಂಬಬೇಡಿ. 'ಆ್ಯನ್ಸಿ ಲುಮೆನ್ಸ್' ಎಷ್ಟು ಅಂತ ಕೇಳಿ. ಪರದೆಯ ಒಂಬತ್ತು ಕಡೆ ಬೆಳಕು ಅಳೆದು ಸರಾಸರಿ ತೆಗೆಯುವ ಕ್ರಮ ಅದು. ಬರೀ 'ಲುಮೆನ್ಸ್' ಅಂತ ಬರೆಯಲು ಅಂಥ ಕಟ್ಟುಪಾಡಿಲ್ಲ, ಸಾವಿರಗಟ್ಟಲೆ ಬರೆದ ಅಗ್ಗದ ಯಂತ್ರ ಆ್ಯನ್ಸಿ ಲೆಕ್ಕಕ್ಕೆ ಬಂದರೆ ನೂರಿನ್ನೂರಕ್ಕೆ ಕುಸಿಯಬಹುದು. ಆ್ಯನ್ಸಿ ಅಂಕಿಯನ್ನೇ ಕೊಡದವರ ಯಂತ್ರ ಬೇಡ.

ಇನ್ನೊಂದು ಮಾತು. ಜೋಳದ ರೊಟ್ಟಿ ತಟ್ಟುವಾಗ ಅದೇ ಹಿಟ್ಟನ್ನು ಅಗಲ ಮಾಡಿದಷ್ಟೂ ತೆಳ್ಳಗಾಗುತ್ತದಲ್ಲ? ಬೆಳಕೂ ಹಾಗೆಯೇ. 50 ಇಂಚಿನ ಚಿತ್ರವನ್ನು 100 ಇಂಚಿಗೆ ಹಿಗ್ಗಿಸಿದರೆ ಗೋಡೆಯ ಜಾಗ ನಾಲ್ಕು ಪಟ್ಟಾಗುತ್ತದೆ, ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. '150 ಇಂಚಿನ ಚಿತ್ರ' ಅನ್ನುವ ಜಾಹೀರಾತು ಸುಳ್ಳಲ್ಲ, ಆದರೆ ಆ ರೊಟ್ಟಿ ಹರಿದು ಹೋಗಿರುತ್ತದೆ! ನನ್ನ ಅನುಭವದಲ್ಲಿ ಪೂರ್ತಿ ಕತ್ತಲ ಕೋಣೆಯಲ್ಲಿ 80 ಇಂಚಿಗೆ 300 ಆ್ಯನ್ಸಿ ಲುಮೆನ್ಸ್ ಆದರೂ ಬೇಕು. 100 ಇಂಚಿಗೆ 500 ಇದ್ದರೆ ಒಳ್ಳೆಯದು. ಲೈಟು ಹಚ್ಚಿಕೊಂಡೇ ನೋಡುತ್ತೇವೆ ಅನ್ನುವವರಿಗೆ ಅದೂ ಸಾಲದು.

ಕೋಣೆಯ ಉದ್ದವನ್ನೂ ಟೇಪು ಹಿಡಿದು ಅಳೆಯಿರಿ. ಸಣ್ಣ ಪ್ರೊಜೆಕ್ಟರ್‌ಗಳಲ್ಲಿ ಬಹಳಷ್ಟು, ಚಿತ್ರದ ಅಗಲದ ಒಂದೂಕಾಲು ಪಟ್ಟಿನಷ್ಟು ದೂರ ಕೇಳುತ್ತವೆ. ಅಂದರೆ 80 ಇಂಚಿನ ಚಿತ್ರಕ್ಕೆ ಗೋಡೆಯಿಂದ ಸುಮಾರು ಏಳು ಅಡಿ, 100 ಇಂಚಿಗೆ ಸುಮಾರು ಒಂಬತ್ತು ಅಡಿ. ಓರೆಯಾಗಿ ಇಟ್ಟರೂ ಚಿತ್ರವನ್ನು ತಾನೇ ನೇರ ಮಾಡಿಕೊಳ್ಳುತ್ತದೆ ಅನ್ನುತ್ತಾರೆ. ಮಾಡಿಕೊಳ್ಳುತ್ತದೆ, ಆದರೆ ಚಿತ್ರದ ಅಂಚು ಕತ್ತರಿಸಿ, ಸ್ಪಷ್ಟತೆ ಕಳೆದು. ಆದಷ್ಟು ನೇರವಾಗಿಯೇ ಇಡಿ. ಗೋಡೆ ಹಸಿರೋ ಗುಲಾಬಿಯೋ ಇದ್ದರೆ ಪಾತ್ರಧಾರಿಗಳ ಮುಖವೂ ಹಾಗೇ ಕಾಣುತ್ತದೆ. ಒಂದು ಗೋಡೆಗೆ ಬಿಳಿ ಬಣ್ಣ ಹೊಡೆಸಿದರೆ ಸಾಕು.

'4ಕೆ ಸಪೋರ್ಟ್' ಅಂದರೆ ಇಳಕಲ್ 'ಮಾದರಿ'

ನಮ್ಮಲ್ಲಿ ಇಳಕಲ್ ಸೀರೆ ಬೇರೆ, 'ಇಳಕಲ್ ಮಾದರಿ' ಸೀರೆ ಬೇರೆ. '4ಕೆ ಸಪೋರ್ಟ್' ಅನ್ನುವುದೂ ಅಂಥದ್ದೇ ಮಾತು. 4ಕೆ ಚಿತ್ರ ಕೊಟ್ಟರೆ ಯಂತ್ರ ಅದನ್ನು ತೆಗೆದುಕೊಳ್ಳುತ್ತದೆ, ಆದರೆ ತನ್ನ ಶಕ್ತಿಗೆ ಇಳಿಸಿ ತೋರಿಸುತ್ತದೆ ಅಂತ ಅದರ ಅರ್ಥ. ನೀವು ಕೇಳಬೇಕಾದ ಪದ 'ನೇಟಿವ್ ರೆಸಲ್ಯೂಷನ್'. ಅದು 1920×1080 ಇರಲಿ. 1280×720 ಆದರೆ ಮಕ್ಕಳ ಕಾರ್ಟೂನಿಗೆ ಸಾಕು, ಸಿನಿಮಾದಲ್ಲಿ ಹೆಸರು, ಅಕ್ಷರ ಓದುವಾಗ ಕಣ್ಣಿಗೆ ತ್ರಾಸು. ಅದಕ್ಕಿಂತ ಕೆಳಗಿನದು ಬೇಡ.

ಆ್ಯಪ್ ತೆರೆಯುತ್ತದೆಯೇ?

ನಮ್ಮನ್ನು ಬಹಳ ಗೋಳಾಡಿಸಿದ್ದು ಇದೇ. 'ಸ್ಮಾರ್ಟ್' ಅಂತ ಬರೆದದ್ದೆಲ್ಲ ಒಂದೇ ಅಲ್ಲ. ಗೂಗಲ್‌ನಿಂದ ಒಪ್ಪಿಗೆ ಪಡೆದ ಆಂಡ್ರಾಯ್ಡ್ ಟಿವಿ ಅಥವಾ ಗೂಗಲ್ ಟಿವಿ ಇರುವ ಯಂತ್ರಗಳು ಒಂದು ಬಗೆ. ಮೊಬೈಲಿನ ಆಂಡ್ರಾಯ್ಡನ್ನೇ ತುಂಬಿಸಿ ಮಾರುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಆ್ಯಪ್ ತೆರೆಯದಿರಬಹುದು, ತೆರೆದರೂ ಚಿತ್ರ ಹಳೇ ಟಿವಿಯಷ್ಟು ಮಬ್ಬಾಗಿರಬಹುದು. ನೆಟ್‌ಫ್ಲಿಕ್ಸ್ ಅಂತೂ ತಾನು ಒಪ್ಪಿದ ಯಂತ್ರಗಳಲ್ಲಿ ಮಾತ್ರ ಸರಿಯಾಗಿ ನಡೆಯುತ್ತದೆ. ಮೊಬೈಲ್ ಪರದೆ ಜೋಡಿಸಿದಾಗ ಕರ್ರಗೆ ಕಂಡದ್ದು ಯಂತ್ರ ಕೆಟ್ಟಿದ್ದಕ್ಕಲ್ಲ, ಸಿನಿಮಾ ಕದಿಯದಂತೆ ಆ್ಯಪ್‌ನವರೇ ಹಾಕಿದ ಬೀಗ ಅದು.

ಆದ್ದರಿಂದ ಮನೆಯಲ್ಲಿ ಏನು ನೋಡುತ್ತೀರಿ ಅಂತ ಮೊದಲು ಪಟ್ಟಿ ಮಾಡಿ. ಜೀ ಕನ್ನಡದ ಧಾರಾವಾಹಿಗೆ ಜೀ5, ಉದಯದವಕ್ಕೆ ಸನ್ ನೆಕ್ಸ್ಟ್, ಕಲರ್ಸ್ ಕನ್ನಡದವಕ್ಕೆ ಜಿಯೋಹಾಟ್‌ಸ್ಟಾರ್. ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ 2025ರ ಫೆಬ್ರುವರಿಯಲ್ಲಿ ಸೇರಿ ಒಂದಾದವು, ಹಳೇ ಹೆಸರು ಬರೆದ ಡಬ್ಬಿ ಕಂಡರೆ ಅದು ಹಳೇ ಸ್ಟಾಕು ಅಂತ ತಿಳಿಯಿರಿ. ಈ ತಲೆನೋವೇ ಬೇಡ ಅಂದರೆ ಸುಲಭ ದಾರಿ ಒಂದಿದೆ. ಎಚ್‌ಡಿಎಂಐ ಕಿಂಡಿ ಇರುವ ಒಳ್ಳೆ ಪ್ರೊಜೆಕ್ಟರ್ ಕೊಂಡು, ಅದಕ್ಕೆ ಫೈರ್ ಟಿವಿ ಸ್ಟಿಕ್‌ನಂಥ ಒಂದು ಕಡ್ಡಿ ಸಿಕ್ಕಿಸಿ. ನಾವು ಕೊನೆಗೆ ಮಾಡಿದ್ದೂ ಅದನ್ನೇ.

ಕರೆಂಟು, ಧೂಳು, ಡೇಟಾ

'ಪೋರ್ಟಬಲ್' ಅಂದರೆ ಎತ್ತಿಕೊಂಡು ಹೋಗಬಹುದು ಅಂತ ಅಷ್ಟೇ, ಬ್ಯಾಟರಿ ಇದೆ ಅಂತಲ್ಲ. ಸ್ಯಾಮ್‌ಸಂಗ್‌ನ 'ದಿ ಫ್ರೀಸ್ಟೈಲ್' 2022ರಲ್ಲಿ ನಮ್ಮ ದೇಶಕ್ಕೆ ಬಂದಾಗ ಬೆಲೆ 84,990 ರೂಪಾಯಿ. ತೂಕ 830 ಗ್ರಾಂ, ಕೈಯಲ್ಲಿ ಹಿಡಿಯಬಹುದು, ಆದರೂ ಅದರೊಳಗೆ ಬ್ಯಾಟರಿ ಇರಲಿಲ್ಲ! ಬ್ಯಾಟರಿ ಇರುವವೂ ಸಾಮಾನ್ಯವಾಗಿ ಎರಡೂವರೆ ತಾಸಿನ ಸಿನಿಮಾಕ್ಕೆ ಸಾಲುವುದಿಲ್ಲ, ಬ್ಯಾಟರಿ ಮೇಲೆ ಬೆಳಕೂ ತಗ್ಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಬ್ಯಾಟರಿಗೆಂದು ಹೆಚ್ಚು ದುಡ್ಡು ಕೊಡಬೇಡಿ.

ನಮ್ಮೂರು ಗ್ರಾನೈಟ್ ಕಲ್ಲಿನ ಊರು. ಬೆಳಿಗ್ಗೆ ಒರೆಸಿದ ಟೀಪಾಯಿ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಅಗ್ಗದ ಪ್ರೊಜೆಕ್ಟರ್‌ಗಳಲ್ಲಿ ಫ್ಯಾನಿನ ಗಾಳಿ ನೇರವಾಗಿ ಲೆನ್ಸಿನ ಒಳಭಾಗಕ್ಕೇ ಹೋಗುತ್ತದೆ. ಧೂಳು ಕೂತು ಚಿತ್ರದಲ್ಲಿ ಕಪ್ಪು ಚುಕ್ಕೆ ಬೀಳುತ್ತವೆ, ಒರೆಸಲು ಬರುವುದಿಲ್ಲ. ಆ ಭಾಗ ಮುಚ್ಚಿರುವ, 'ಸೀಲ್ಡ್' ಅಂತ ಬರೆದ ಯಂತ್ರವನ್ನೇ ಕೇಳಿ. ಕೈಪಿಡಿಯಲ್ಲಿ 35 ಅಥವಾ 40 ಡಿಗ್ರಿವರೆಗೆ ಮಾತ್ರ ಬಳಸಿ ಅಂತ ಇರುತ್ತದೆ, ನಮ್ಮ ಏಪ್ರಿಲ್, ಮೇ ತಿಂಗಳನ್ನು ನೆನೆದು ಅದನ್ನು ಓದಿ. ಬೇಸಿಗೆಯಲ್ಲಿ ರಾತ್ರಿ ಮಾಳಿಗೆ ಮೇಲೆ ಹಚ್ಚುವುದು ಚೆಂದ. ಆದರೆ ನನ್ನ ತವರು ಬಾದಾಮಿ. ಅಲ್ಲಿಯ ಮಂಗಗಳ ಕಾಟ ಬಲ್ಲವರು ನೋಡಿ ಮುಗಿದ ಕೂಡಲೇ ಕೆಳಗೆ ತಂದಿಡಿ!

ಇನ್ನು ಡೇಟಾ. ಹುನಗುಂದದ ನನ್ನ ನಾದಿನಿ ಮನೆಯಲ್ಲಿ ಕೇಬಲ್ ಇಂಟರ್‌ನೆಟ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ಎಚ್‌ಡಿ ಚಿತ್ರಕ್ಕೆ ತಾಸಿಗೆ 3 ಜಿಬಿವರೆಗೆ ಬೇಕು ಅಂತ ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಇಂಟರ್ವಲ್ಲೂ ಬರುವುದಿಲ್ಲ. ಅವಳಿಗೆ ನಾನು ಹೇಳಿದ್ದು, "ಮೊದಲ ಇಂಟರ್‌ನೆಟ್ ಹಾಕಿಸ್ಕೊ ತಂಗಿ, ಆಮ್ಯಾಲ ಪ್ರೊಜೆಕ್ಟರ್" ಅಂತ.

ಮಕ್ಕಳಿರುವ ಮನೆಯವರಿಗೆ ಒಂದು ಎಚ್ಚರಿಕೆ. ಉರಿಯುವ ಲೆನ್ಸಿನೊಳಗೆ ಇಣುಕಲು ಬಿಡಬೇಡಿ, ಕೂಸುಗಳ ಕಣ್ಣಿನ ಎತ್ತರದಲ್ಲಿ ಇಡಲೇಬೇಡಿ.

ನೋಡಿ ಕೊಳ್ಳಿ, ಬಿಲ್ಲು ಇಟ್ಟುಕೊಳ್ಳಿ

ಎರಡನೇ ಸಲ ನಾನು ಅವಸರ ಮಾಡಲಿಲ್ಲ. ಆರು ತಿಂಗಳು ತಡೆದೆ. ಬಾಗಲಕೋಟೆ ನವನಗರದಲ್ಲಿರುವ ಅಕ್ಕನ ಮನೆಯಲ್ಲಿ ಅವರ ಪ್ರೊಜೆಕ್ಟರ್‌ನಲ್ಲಿ ಒಂದು ರಾತ್ರಿ ಪೂರ್ತಿ ಸಿನಿಮಾ ನೋಡಿದೆ. ಅಂಗಡಿಗೆ ಹೋದಾಗ ಲೈಟು ಆರಿಸಿ, ಹಚ್ಚಿ, ಎರಡೂ ರೀತಿ ತೋರಿಸಿ ಅಂದೆ. ಮೊದಲಿನದಕ್ಕಿಂತ ಮೂರು ಪಟ್ಟು ಬೆಲೆಯಾಯಿತು. ಆದರೆ ಮೊದಲಿನ ಆರೂವರೆ ಸಾವಿರ ನೀರಿಗೆ ಹಾಕಿದ್ದು, ಇದು ಬಳಕೆಗೆ ಬಂದದ್ದು.

ಆನ್‌ಲೈನ್‌ನಲ್ಲೇ ಕೊಳ್ಳುವಿರಾದರೆ ಹಣ ಕಟ್ಟುವ ಮೊದಲೇ ವಾಪಸಾತಿ ನಿಯಮ ಓದಿ. 'ಬದಲಿ ಮಾತ್ರ' ಅನ್ನುವುದಕ್ಕೂ 'ಹಣ ವಾಪಸ್' ಅನ್ನುವುದಕ್ಕೂ ಬಹಳ ಅಂತರವಿದೆ. ವಸ್ತು ಯಾವ ದೇಶದ್ದು, ದೂರು ಕೇಳುವ ಅಧಿಕಾರಿ ಯಾರು ಅಂತ ತೋರಿಸಲೇಬೇಕು ಎಂದು 2020ರ ಇ-ಕಾಮರ್ಸ್ ಗ್ರಾಹಕ ನಿಯಮಗಳು ಹೇಳುತ್ತವೆ. ಡಬ್ಬಿ ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಹೇಳಿದ್ದೊಂದು, ಕೊಟ್ಟದ್ದೊಂದು ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ನನಗೆ ಇದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

ಯಾರಿಗಾಗಿ?

ನಾನು ಚಿಕ್ಕವಳಿದ್ದಾಗ ಬನದ ಹುಣ್ಣಿಮೆ ಬಂತೆಂದರೆ ಬಾದಾಮಿ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ಠಿಕಾಣಿ ಹೂಡುತ್ತಿದ್ದವು. ಈಗಲೂ ಬರುತ್ತವೆ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡು ಓಣಿಯ ಹೆಣ್ಣುಮಕ್ಕಳೆಲ್ಲ ಒಟ್ಟಿಗೆ ಹೋಗುತ್ತಿದ್ದರು. ವರ್ಷಕ್ಕೊಮ್ಮೆ ಅವರು ಪೂರ್ತಿ ಕೂತು ಏನನ್ನಾದರೂ ನೋಡುತ್ತಿದ್ದದ್ದು ಆಗ ಮಾತ್ರ. ಮನೆಗೆ ಟಿವಿ ಬಂದ ಮೇಲೆ ನಾವು ಅಡುಗೆಮನೆ ಬಾಗಿಲಲ್ಲಿ ನಿಂತು ಅರ್ಧಂಬರ್ಧ ನೋಡುವವರಾದೆವು. ಹಾಲ್‌ನಲ್ಲಿ ಕ್ರಿಕೆಟ್ ಇದ್ದರೆ ಅದೂ ಇಲ್ಲ.

ಟಿವಿ ಇದ್ದಲ್ಲಿಗೆ ನಾವು ಹೋಗಬೇಕು, ಪ್ರೊಜೆಕ್ಟರ್ ನಾವಿದ್ದಲ್ಲಿಗೆ ಬರುತ್ತದೆ. ನನ್ನ ಮಟ್ಟಿಗೆ ಇದನ್ನು ಕೊಳ್ಳಲು ಇರುವ ನಿಜವಾದ ಕಾರಣ ಇದೊಂದೇ. ಆದ್ದರಿಂದಲೇ ಹೊಸದನ್ನು ನಾನು ಹಾಲ್‌ನಲ್ಲಿ ಇಡಲಿಲ್ಲ. ಅತ್ತೆಯ ಖೋಲಿಯಲ್ಲಿ, ಮಂಚಕ್ಕೆ ಎದುರಿನ ಗೋಡೆಗೆ ಬಿಳಿ ಬಣ್ಣ ಹೊಡೆಸಿ ಅಲ್ಲಿಟ್ಟೆ. ಮೊದಲ ರಾತ್ರಿ ಒಂದು ಹಳೇ ಕಪ್ಪು-ಬಿಳುಪು ಸಿನಿಮಾ ಹಾಕಿದೆವು. ಅರ್ಧ ತಾಸು ಅತ್ತೆ ಉಸಿರೆತ್ತಲಿಲ್ಲ. ಆಮೇಲೆ ನನ್ನ ಕೈ ಹಿಡಿದು, "ಮುಖ ಕಾಣತಾವ ನೋಡವಾ, ಕಣ್ಣೀರ ಸೈತ ಕಾಣತೈತಿ" ಅಂದರು. ಮರುದಿನ ಓಣಿಯ ಇಬ್ಬರು ಗೆಳತಿಯರನ್ನೂ ಕರೆಸಿದರು. ಚಹಾ ಮಾಡಿಟ್ಟು ನಾನೂ ಅವರ ಪಕ್ಕ ಕೂತೆ, ಪೂರ್ತಿ ನೋಡಿದೆ.

ಕೊಳ್ಳುವ ಮುನ್ನ

* ರಾತ್ರಿ ನೋಡುವವರಿಗೆ ಮಾತ್ರ ಪ್ರೊಜೆಕ್ಟರ್. ಹಗಲಿಗೆ ಟಿವಿಯೇ ಸರಿ.

* ಆ್ಯನ್ಸಿ ಲುಮೆನ್ಸ್ 300ಕ್ಕೆ ಕಡಿಮೆ ಬೇಡ, ನೇಟಿವ್ ರೆಸಲ್ಯೂಷನ್ 1920×1080 ಇರಲಿ.

* ನಿಮ್ಮ ಮನೆಯಲ್ಲಿ ನೋಡುವ ಆ್ಯಪ್‌ಗಳನ್ನು ಅಂಗಡಿಯಲ್ಲೇ ತೆರೆಸಿ ನೋಡಿ.

* ಕೋಣೆ ಅಳೆಯಿರಿ, ಇಂಟರ್‌ನೆಟ್ ನೋಡಿಕೊಳ್ಳಿ, ಫ್ಯಾನಿನ ಸದ್ದು ಕೇಳಿ.

* ವಾರಂಟಿ ಕಾರ್ಡು, ಬಿಲ್ಲು ಜೋಪಾನ. ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ಮೊದಲೇ ಕೇಳಿ.

* ಆರಿಸುವಾಗ ನೀವೂ ಎದುರಿಗಿರಿ. ಹಣ ಯಾರದೇ ಇರಲಿ, ಕೋಣೆ ಬಲ್ಲವರು ನೀವು.