ಫೈಲು ಯಾರ ಕೈಯಲ್ಲಿತ್ತು?

ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ನಮ್ಮ ಕಾಲೇಜಿನ ಹುಡುಗಿಯರ 4×100 ಮೀಟರ್ ರಿಲೇ ತಂಡ ಓಡಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಯಾಕೆ ಓಡಲಿಲ್ಲ ಎಂಬುದಕ್ಕೆ ಮಾತ್ರ ಕ್ಲಾಸಿಗೊಂದು ಕಥೆ ಇದೆ. ಮಳೆ ಬಂತಂತೆ, ಸ್ಕಾರ್ಫ್ ಹಾಕಿದ್ದಕ್ಕೆ ಬಿಡಲಿಲ್ಲವಂತೆ, ಪಿ.ಇ. ಸರ್ ಮರೆತುಬಿಟ್ಟರಂತೆ. ಮೂರೂ ಸುಳ್ಳು. ಆ ತಂಡದಲ್ಲಿ ಮೂರನೆಯವಳಾಗಿ ಓಡಬೇಕಾಗಿದ್ದವಳು ನಾನು. ಆದ್ದರಿಂದ ಆ ದಿನ ಏನಾಯಿತು ಎಂಬುದನ್ನು ನಾನೇ ಬರೆಯುತ್ತಿದ್ದೇನೆ. ಆದರೆ ಇದು ನಮ್ಮ ದುಃಖ ತೋಡಿಕೊಳ್ಳುವುದಕ್ಕಲ್ಲ, ನಮ್ಮ ಜೊತೆ ಬಂದಿದ್ದ ಟೀಚರ್‌ಗಳ ಬಗ್ಗೆ ಬರೆಯುವುದಕ್ಕೆ.

ಅಂದು ನಾಲ್ಕು ಜನ ಬಂದಿದ್ದರು. ಪಿ.ಇ. ಸರ್, ಉರ್ದು ಸರ್, ಅಕೌಂಟೆನ್ಸಿ ಮೇಡಂ, ಇಂಗ್ಲಿಷ್ ಸರ್. ಮೊದಲು 'ಇಬ್ಬರು ನಮ್ಮವರು, ಇಬ್ಬರು ಬೇರೆಯವರು' ಅಂತ ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಯಾಕೆಂದರೆ ಕ್ರೀಡಾಂಗಣದಲ್ಲಿ ಬೇರೆ ಕಾಲೇಜಿನವರ ಎದುರು ನಾಲ್ಕೂ ಜನ ನಮ್ಮವರೇ. ಒಬ್ಬರಿಗೆ ಜುಮಾ, ಒಬ್ಬರಿಗೆ ಶ್ರಾವಣ ಶುಕ್ರವಾರ, ಒಬ್ಬರಿಗೆ ಭಾನುವಾರದ ಚರ್ಚ್ ಎಂಬ ವ್ಯತ್ಯಾಸ ಮಾತ್ರ ಇದೆ.

ಕ್ರೀಡಾಕೂಟದ ದಿನ ಟೀಚರ್ ಎಂದರೆ ನೆರಳಲ್ಲಿ ಕುಳಿತು ಚಪ್ಪಾಳೆ ತಟ್ಟುವವರು ಎಂದು ನಾನು ತಿಳಿದಿದ್ದೆ. ಹಾಗಿಲ್ಲ. ಕೂಟ ನಡೆಸುವ ಕಾಲೇಜಿನವರು ಬಂದ ಎಲ್ಲ ಕಾಲೇಜುಗಳ ಉಪನ್ಯಾಸಕರಿಗೂ ಕೆಲಸ ಹಂಚುತ್ತಾರೆ. ಮೇಡಂ ಖೊ-ಖೊ ಅಂಕಣದ ಪಕ್ಕ ಅಂಕ ಬರೆಯಲು ಕುಳಿತರು. ಇಂಗ್ಲಿಷ್ ಸರ್ ಉದ್ದ ಜಿಗಿತದ ಹತ್ತಿರ ಟೇಪಿನ ಒಂದು ತುದಿ ಹಿಡಿದು ಬೆಳಿಗ್ಗೆಯಿಂದ ಬಗ್ಗಿ ಏಳುತ್ತಿದ್ದರು. ಉರ್ದು ಸರ್ ಕಬಡ್ಡಿ ಹುಡುಗರ ಹಿಂದೆ. ಪಿ.ಇ. ಸರ್ ಎಲ್ಲ ಕಡೆ. ಇದರ ನಡುವೆ ಯಾರಿಗೋ ಕಾಲು ಉಳುಕಿತು, ಯಾರದೋ ಶೂ ಕಿತ್ತಿತು, ಒಬ್ಬಳ ತಾಯಿಗೆ ಗಂಟೆಗೊಂದು ಸಲ ಫೋನ್ ಮಾಡಿ "ಹುಡುಗಿ ಇಲ್ಲೇ ಇದ್ದಾಳಮ್ಮ" ಎಂದು ಹೇಳಬೇಕಿತ್ತು. ಆ ಫೋನ್ ಮಾಡುತ್ತಿದ್ದವರೂ ಮೇಡಮ್ಮೇ. ಅವರಿಗೆ ಉರ್ದು ಬರುವುದಿಲ್ಲ, ಆ ತಾಯಿಗೆ ಕನ್ನಡ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಮಾತಾಡಿ ಸಮಾಧಾನವಾಗಿ ಫೋನ್ ಇಡುತ್ತಿದ್ದರು. ಹೇಗೆ ಅಂತ ನನಗೆ ಇಂದಿಗೂ ಅರ್ಥವಾಗಿಲ್ಲ.

ಮೇಡಂ ಅಂದು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಶ್ರಾವಣದ ಶುಕ್ರವಾರ ಅವರು ಸಂಜೆ ಪೂಜೆ ಮುಗಿಸಿಯೇ ಊಟ ಮಾಡುವುದು. ನಮಗೆ ಅದು ಗೊತ್ತಾದದ್ದು ಊಟದ ಪೊಟ್ಟಣಗಳ ಪೆಟ್ಟಿಗೆ ತೆರೆದಾಗ. ಬಿರಿಯಾನಿ ಪೊಟ್ಟಣಗಳಿಗೆ ಬಿಳಿ ದಾರ, ಚಿತ್ರಾನ್ನಕ್ಕೆ ಕೆಂಪು ದಾರ ಕಟ್ಟಿಸಿ ತಂದಿದ್ದರು ಪಿ.ಇ. ಸರ್. ಜೊತೆಗೆ ದಾರವಿಲ್ಲದ ಒಂದು ಕವರಿನಲ್ಲಿ ಬಾಳೆಹಣ್ಣು. "ಅದು ಮೇಡಂದು, ಮುಟ್ಟಬೇಡಿ" ಎಂದರು. ಹಿಂದಿನ ವರ್ಷವೂ ಹಾಗೇ ತಂದಿದ್ದರಂತೆ.

ಈಗ ಆ ಅರ್ಧ ಗಂಟೆಗೆ ಬರುತ್ತೇನೆ. ಅಚ್ಚಾದ ಪಟ್ಟಿಯ ಪ್ರಕಾರ ಒಂದೂವರೆಗೆ ಊಟದ ವಿರಾಮ, ನಮ್ಮ ರಿಲೇ ಮೂರೂವರೆಗೆ. ತಂಡಗಳು ಕಡಿಮೆ ಇದ್ದದ್ದರಿಂದ ನೇರ ಫೈನಲ್. ಅದನ್ನು ನಂಬಿ ಪಿ.ಇ. ಸರ್, ಉರ್ದು ಸರ್ ಮತ್ತು ಕಬಡ್ಡಿ ಹುಡುಗರು ಒಂದು ಗಂಟೆಗೆ ಮೊದಲೇ ಜುಮಾ ನಮಾಜಿಗೆ ಹೊರಟರು. ಅವರು ಹೋದ ಹತ್ತು ನಿಮಿಷಕ್ಕೆ ಮೋಡ ಕವಿಯಿತು. ಮಳೆ ಬಂದರೆ ಟ್ರ್ಯಾಕ್ ಕೆಸರಾಗುತ್ತದೆ ಎಂದು ಸಂಘಟಕರು ಓಟದ ಫೈನಲ್‌ಗಳನ್ನೆಲ್ಲ ಊಟಕ್ಕಿಂತ ಮೊದಲೇ ಮುಗಿಸಲು ತೀರ್ಮಾನಿಸಿದರು. ಮೈಕಿನಲ್ಲಿ ನಮ್ಮ ಕಾಲೇಜಿನ ಹೆಸರು ಕರೆದಾಗ ಗಂಟೆ ಒಂದು ಐದು.

ಶಾಮಿಯಾನದ ಕೆಳಗೆ ಹಾಜರಿ ತೆಗೆದುಕೊಳ್ಳುವ ಕಡೆ ನಾಲ್ವರೂ ಓಡಿ ಹೋದೆವು. ಪ್ರಾಂಶುಪಾಲರ ಸಹಿ ಇರುವ ನಮ್ಮ ಅರ್ಹತಾ ಫಾರಂ ಕೇಳಿದರು. ಅದು ಪಿ.ಇ. ಸರ್ ಫೈಲಿನಲ್ಲಿ. ಫೈಲು ಸರ್ ಬೈಕಿನ ಬಾಕ್ಸಿನಲ್ಲಿ. ಬೈಕು ಮಸೀದಿ ಮುಂದೆ. ಫೋನ್ ಸ್ವಿಚ್ ಆಫ್, ನಮಾಜಿಗೆ ಹೋದವರು ಅದನ್ನೇ ಮಾಡುತ್ತಾರಲ್ಲ.

ಮೇಡಂ ಅಂಕದ ಹಾಳೆಯನ್ನು ಪಕ್ಕದವರಿಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದರು. "ಇವರು ನನ್ನ ಮಕ್ಕಳು ಸರ್, ನಾನೇ ಬರೆದು ಸಹಿ ಹಾಕಿ ಕೊಡ್ತೀನಿ, ಇಪ್ಪತ್ತು ನಿಮಿಷದಲ್ಲಿ ಫಾರಂ ತರಿಸ್ತೀನಿ" ಎಂದರು. ಅಲ್ಲಿದ್ದವರು ಕೆಟ್ಟವರಲ್ಲ, ಒಂದೂ ಕೆಟ್ಟ ಮಾತಾಡಲಿಲ್ಲ. "ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ ಮೇಡಂ, ಮೋಡ ನೋಡಿ" ಎಂದರು ಅಷ್ಟೆ. ಇಂಗ್ಲಿಷ್ ಸರ್ ಆಗಲೇ ಯಾರದೋ ಸ್ಕೂಟರ್ ತೆಗೆದುಕೊಂಡು ಮಸೀದಿಗೆ ಹೋಗಿದ್ದರು. ಅಲ್ಲಿ ಒಳಗಿನಿಂದ ಯಾರನ್ನಾದರೂ ಕರೆಸಬಹುದಿತ್ತು. ಕರೆಸಲಿಲ್ಲ. ಚಪ್ಪಲಿಗಳ ಹತ್ತಿರ ನಿಂತು ನಮಾಜ್ ಮುಗಿಯುವವರೆಗೆ ಕಾದರು. ಫೈಲು ಹಿಡಿದು ಇಬ್ಬರೂ ಮೈದಾನಕ್ಕೆ ಬಂದಾಗ ಎರಡು ಗಂಟೆಗೆ ಐದು ನಿಮಿಷ ಇತ್ತು. ರಿಲೇ ಮುಗಿದಿತ್ತು. ಮಳೆಯ ಮೊದಲ ಹನಿ ಬೀಳುತ್ತಿತ್ತು.

ಪಿ.ಇ. ಸರ್ ನಮ್ಮ ಹತ್ತಿರ ಬಂದು "ಫೈಲು ಮೇಡಂ ಕೈಲಿ ಕೊಟ್ಟು ಹೋಗಬೇಕಿತ್ತು, ತಪ್ಪು ನನ್ನದು" ಎಂದರು. ನಮ್ಮಲ್ಲಿ ಒಬ್ಬಳು ಅಳುತ್ತಿದ್ದಳು, ಅದನ್ನು ಕೇಳಿ ಇನ್ನೂ ಜೋರಾಗಿ ಅತ್ತಳು.

ಮನೆಯಲ್ಲಿ ಹೇಳಿದಾಗ ಅಬ್ಬಾ ಹೇಳಿದ್ದು, ಇದನ್ನೆಲ್ಲ ದೊಡ್ಡದು ಮಾಡಬೇಡ, ನಮಗಾಗಿ ಬೇರೆ ಟೈಮ್ ಕೊಡಿ ಎಂದು ಕೇಳಿದರೆ ಜನ ಬೇರೆ ಥರ ನೋಡುತ್ತಾರೆ. ಬೇರೆ ಕಾಲೇಜಿನ ಗೆಳತಿಯೊಬ್ಬಳು, ಒಂದು ವಾರ ಬಿಟ್ಟಿದ್ದರೆ ಏನಾಗುತ್ತಿತ್ತು ಎಂದಳು. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ಬಿಡುವ ಪ್ರಶ್ನೆಯೇ ಇರಲಿಲ್ಲ, ಅರ್ಧ ಗಂಟೆಯ ವಿಷಯ ಅದು. ಎಲ್ಲ ಕೂಟದಲ್ಲೂ ಊಟದ ವಿರಾಮ ಇದ್ದೇ ಇರುತ್ತದೆ. ಶುಕ್ರವಾರ ಅದನ್ನು ಒಂದರಿಂದ ಎರಡರವರೆಗೆ ಇಟ್ಟರೆ ಯಾರಿಗೂ ಏನೂ ನಷ್ಟವಿಲ್ಲ. ಆದರೆ ಇಡಿ ಎಂದು ನಾವು ಹೇಳಿರಲೇ ಇಲ್ಲ. ಹೇಳದೆ ಅವರಿಗೆ ಹೇಗೆ ಗೊತ್ತಾಗಬೇಕು? ಕೂಟದ ಸುತ್ತೋಲೆ ಬಂದ ದಿನ ನಮ್ಮ ಕಾಲೇಜಿನಿಂದ ಎರಡು ಸಾಲಿನ ಪತ್ರ ಹೋಗಿದ್ದರೆ ಸಾಕಿತ್ತು.

ಸಂಜೆ ಬಸ್ಸಿಗೆ ಕಾಯುವಾಗ ಇಂಗ್ಲಿಷ್ ಸರ್ ನಮಗೆ ಎರಿಕ್ ಲಿಡೆಲ್ ಎಂಬ ಸ್ಕಾಟ್ಲೆಂಡಿನ ಓಟಗಾರನ ಕಥೆ ಹೇಳಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಅವನ ಓಟ. ಅದರ ಹೀಟ್ಸ್ ಭಾನುವಾರ ಬಿತ್ತು. ಭಾನುವಾರ ದೇವರ ದಿನ, ನಾನು ಓಡುವುದಿಲ್ಲ ಎಂದ. ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ. ಮರುವರ್ಷ ಚೀನಾದ ತಿಯಾಂಜಿನ್‌ಗೆ ಹೋಗಿ ಅಲ್ಲಿನ ಕಾಲೇಜಿನಲ್ಲಿ ಟೀಚರ್ ಆದ, ಚೀನೀ ಹುಡುಗರಿಗೆ ಪಾಠದ ಜೊತೆ ಆಟವನ್ನೂ ಕಲಿಸಿದ. ನನಗೆ ಮುಖ್ಯ ಅನಿಸಿದ್ದು ಸರ್ ಕೊನೆಗೆ ಹೇಳಿದ ಮಾತು. 'ಚಾರಿಯಟ್ಸ್ ಆಫ್ ಫೈರ್' ಸಿನಿಮಾದಲ್ಲಿ ಅವನಿಗೆ ಹಡಗು ಹತ್ತುವಾಗ ವಿಷಯ ಗೊತ್ತಾಗುತ್ತದೆ. ನಿಜದಲ್ಲಿ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು. ಅದಕ್ಕೇ 400 ಮೀಟರ್‌ಗೆ ತಯಾರಾಗಲು ಅವನಿಗೆ ಸಮಯ ಸಿಕ್ಕಿತು. ನಂಬಿಕೆ ಅವನದು ಸರಿ, ಆದರೆ ಪಟ್ಟಿ ಕೊನೆ ಗಳಿಗೆಯಲ್ಲಿ ಬಂದಿದ್ದರೆ ಆ ಚಿನ್ನವೂ ಇರುತ್ತಿರಲಿಲ್ಲವೇನೋ.

ಆಗ ನಾನು ಸುಮ್ಮನೆ ಕೇಳಿದೆ, "ಸರ್, ನಿಮ್ಮ ಭಾನುವಾರ?" ಸರ್ ನಕ್ಕುಬಿಟ್ಟರು. "ಬೆಳಗಿನ ಬಲಿಪೂಜೆ ತಪ್ಪಿದರೆ ಸಂಜೆಯದಕ್ಕೆ ಹೋಗ್ತೀನಮ್ಮ, ಸಂಜೆ ಹೋದರೆ ಮನೆಯವರ ಜೊತೆ ಹೋದ ಹಾಗಾಗಲ್ಲ ಅಷ್ಟೆ" ಎಂದರು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಈ ಕೂಟಕ್ಕಾಗಿ ನಾವು ಆರು ಭಾನುವಾರ ಬೆಳಿಗ್ಗೆ ಏಳಕ್ಕೆ ಪ್ರಾಕ್ಟೀಸ್ ಮಾಡಿದ್ದೆವು. ಆರಕ್ಕೆ ಆರೂ ಭಾನುವಾರ ಸ್ಟಾಪ್‌ವಾಚ್ ಹಿಡಿದು ನಿಂತಿದ್ದವರು ಇಂಗ್ಲಿಷ್ ಸರ್. ಆ ದಿನವನ್ನು ಆರಿಸಿದವರು ನಾವೇ, ಶನಿವಾರ ಮಧ್ಯಾಹ್ನ ಟ್ಯೂಷನ್ ಇದೆ ಎಂದು. ನಮ್ಮ ಕಾಲೇಜಿನ ವಾರ್ಷಿಕ ಕ್ರೀಡಾ ದಿನ ಎಂದೂ ಶುಕ್ರವಾರ ಬರುವುದಿಲ್ಲ, ಅಂದರೆ ಕ್ಯಾಲೆಂಡರ್ ನೋಡುವುದು ನಮಗೆ ಗೊತ್ತು. ಬೇರೆಯವರ ಹಾಳೆ ತಿರುವುವುದಿಲ್ಲ, ಅಷ್ಟೆ. ಅಂದು ಮೇಡಂ ಬಸ್ ಇಳಿದಾಗ ಏಳು ಗಂಟೆ ದಾಟಿತ್ತು. ಕೊನೆಯ ಹುಡುಗಿಯ ಅಣ್ಣ ಬರುವವರೆಗೆ ಗೇಟಿನ ಹತ್ತಿರ ನಿಂತಿದ್ದು, ಆಮೇಲೆ ಮನೆಗೆ ಹೋಗಿ ಪೂಜೆ ಮಾಡಿ ಊಟ ಮಾಡಿರಬೇಕು.

ಇಷ್ಟು ವರ್ಷ ಎಲ್ಲವೂ ನಡೆದುಕೊಂಡು ಬಂದಿರುವುದು ಈ ನಾಲ್ವರ ಒಳ್ಳೆಯತನದ ಮೇಲೆ. ಪಾಲುದಾರರು ನಿವೃತ್ತರಾಗುವಾಗ ಗುಡ್‌ವಿಲ್‌ಗೆ ಬೆಲೆ ಕಟ್ಟುವ ಲೆಕ್ಕವನ್ನು ನಮಗೆ ಕಲಿಸಿದವರು ಮೇಡಮ್ಮೇ. ಮುಂದಿನ ವರ್ಷ ಅವರೇ ನಿವೃತ್ತರಾಗುತ್ತಾರೆ. ಅವರ ಜಾಗಕ್ಕೆ ಬರುವವರಿಗೆ ಕೆಂಪು ದಾರ, ಬಿಳಿ ದಾರದ ವಿಷಯ ಯಾರು ಹೇಳುತ್ತಾರೆ? ಅವರೂ ಸೆರಗು ಸಿಕ್ಕಿಸಿಕೊಂಡು ಓಡಿ ಬರಲೇಬೇಕು ಎಂದು ನಾವು ಹೇಗೆ ನಿರೀಕ್ಷಿಸುವುದು?

ಅದಕ್ಕೇ ಇದನ್ನು ಬರೆದಿಡಿ ಎನ್ನುತ್ತೇನೆ. ಜೂನ್‌ನಲ್ಲಿ ಕ್ರೀಡಾ ಸಮಿತಿ ಸೇರುವಾಗ ಪ್ರತಿಯೊಬ್ಬ ಟೀಚರ್‌ಗೂ ಒಂದೇ ಪ್ರಶ್ನೆ ಕೇಳಲಿ, ಯಾವ ದಿನ, ಯಾವ ಹೊತ್ತು ನಿಮಗೆ ಬೇಕು ಎಂದು. ಉತ್ತರ ನೋಟಿಸ್ ಬೋರ್ಡಿನಲ್ಲಿರಲಿ. ಕೂಟ ಶುಕ್ರವಾರ ಬಂದರೆ ಸಂಘಟಕರಿಗೆ ಮೊದಲೇ ಪತ್ರ ಹೋಗಲಿ. ಕ್ರೀಡಾಂಗಣದ ಹತ್ತಿರ ಎರಡು ಮಸೀದಿ ಇವೆ, ಒಂದರಲ್ಲಿ ಜಮಾತ್ ಒಂದು ಕಾಲಿಗೆ, ಇನ್ನೊಂದರಲ್ಲಿ ಒಂದೂ ಮುಕ್ಕಾಲಿಗೆ. ಸರ್‌ಗಳೂ ಹುಡುಗರೂ ಎರಡು ತಂಡವಾಗಿ ಹೋಗಬಹುದು. ಪ್ರಾಕ್ಟೀಸ್ ಶನಿವಾರ ಮಧ್ಯಾಹ್ನಕ್ಕೆ ಬರಲಿ. ಟ್ಯೂಷನ್‌ನವರ ಹತ್ತಿರ ನಾವು ಮಾತಾಡುತ್ತೇವೆ, ಅದು ನಮ್ಮ ಪಾಲಿನ ಕೆಲಸ.

ನಾನು ಮುಂದಿನ ವರ್ಷ ಇಲ್ಲಿ ಇರುವುದಿಲ್ಲ. ಫಸ್ಟ್ ಪಿಯುಸಿಯ ಮೂವರು ಹುಡುಗಿಯರು ಈಗಾಗಲೇ ಬ್ಯಾಟನ್ ಬದಲಿಸುವುದನ್ನು ಅಭ್ಯಾಸ ಮಾಡುತ್ತಿದ್ದಾರೆ, ಅದರಲ್ಲಿ ಒಬ್ಬಳು ನನಗಿಂತ ಜೋರಾಗಿ ಓಡುತ್ತಾಳೆ. ಅವರು ಹೋಗುವ ದಿನ ಯಾರು ನಮಾಜಿಗೆ ಹೋಗಲಿ, ಯಾರು ಪೂಜೆಗೆ ಹೋಗಲಿ, ಫೈಲು ಮೈದಾನದಲ್ಲಿ ಉಳಿಯುವವರ ಕೈಯಲ್ಲಿರಲಿ.